ಕಾಣಿಕೆಯ ಲೆಕ್ಕ: ಧರ್ಮಗುರು, ಆಸ್ತಿ ಮತ್ತು ಆಸೆಯನ್ನು ಕುರಿತು ಒಂದು ಸಂವಾದ

ಮಂಗಳೂರಿನಿಂದ ಬಂಟ್ವಾಳ, ಬೆಳ್ತಂಗಡಿಗಳನ್ನು ಹಾದು ಚಾರ್ಮಾಡಿ ಘಾಟಿಯನ್ನೇರುವ ಹೆದ್ದಾರಿಯಲ್ಲಿ, ಧರ್ಮಸ್ಥಳದ ದಾರಿ ಕವಲೊಡೆಯುವ ಊರು ಉಜಿರೆ. ದೇವಸ್ಥಾನ, ಬಸದಿ, ಮಸೀದಿ, ಇಗರ್ಜಿಗಳು ಒಂದರಿಂದೊಂದು ಹೆಚ್ಚು ದೂರವಿಲ್ಲದೆ ನೆಲೆನಿಂತಿರುವ ಈ ಸೀಮೆಯಲ್ಲಿ ಭಕ್ತರ ಕಾಣಿಕೆಯ ಹಣವೇ ಎಷ್ಟೋ ಶಾಲೆ, ಆಸ್ಪತ್ರೆ, ಕಾಲೇಜುಗಳಾಗಿ ಎದ್ದು ನಿಂತಿರುವುದರಿಂದ, ಧರ್ಮಕ್ಕೂ ಸಂಪತ್ತಿಗೂ ಇರುವ ನಂಟು ಇಲ್ಲಿನವರಿಗೆ ಬರಿಯ ಪುಸ್ತಕದ ವಿಷಯವಲ್ಲ. ಇಲ್ಲಿನ ಕ್ಯಾಥೋಲಿಕರಲ್ಲಿ ಎರಡು ಪರಂಪರೆಗಳಿವೆ. ಕೊಂಕಣಿ ಮನೆಮಾತಿನ, ಲ್ಯಾಟಿನ್ ವಿಧಿಯ ಇಗರ್ಜಿಗಳು ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿವೆ. ಧರ್ಮಪ್ರಾಂತ್ಯವೆಂದರೆ ಒಬ್ಬ ಬಿಷಪರ ಆಡಳಿತಕ್ಕೆ ಒಳಪಟ್ಟ ಇಗರ್ಜಿಗಳ ಸೀಮೆ. ಕೇರಳದಿಂದ ವಲಸೆ ಬಂದು ಕಾಡಂಚಿನ ಗುಡ್ಡಗಳಲ್ಲಿ ರಬ್ಬರು ಬೆಳೆಸಿದ ಸಿರೋ-ಮಲಬಾರ್ ವಿಧಿಯವರಿಗಾಗಿ 1999ರಲ್ಲಿ ಬೆಳ್ತಂಗಡಿಯಲ್ಲಿಯೇ ಪ್ರತ್ಯೇಕ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು.

ಮುಂದಿನ ಸಂವಾದದಲ್ಲಿ ಮಾತನಾಡುವವರು ಇಬ್ಬರು. ಒಬ್ಬರು ಗುರಿಕಾರರು, ಅಂದರೆ ಇಗರ್ಜಿಯ ಒಂದು ವಾಳೆಯ, ಎಂದರೆ ಒಂದು ಕೇರಿಯ, ಮನೆಗಳಿಗೆ ಮುಖಂಡರಾಗಿ, ವಂತಿಗೆ ಎತ್ತುವುದರಿಂದ ಹಿಡಿದು ಸಾವು-ನೋವಿನ ಸುದ್ದಿ ಮುಟ್ಟಿಸುವವರೆಗಿನ ಹೊಣೆಯನ್ನು ಹೊರುವ ಗೃಹಸ್ಥರು. ಇನ್ನೊಬ್ಬರು ಜೈನ ಮನೆತನದಲ್ಲಿ ಹುಟ್ಟಿ, ಇತಿಹಾಸವನ್ನು ಕಲಿಸಿ ನಿವೃತ್ತರಾದ ಅಧ್ಯಾಪಕರು. ಕ್ರೈಸ್ತ ಧಾರ್ಮಿಕ ನಾಯಕರ ಸಂಪತ್ತು ಮತ್ತು ಲೋಭವೇ ಇವರ ಚರ್ಚೆಯ ವಿಷಯ. ಯಾವ ಧರ್ಮವನ್ನೂ ಕೀಳುಗಳೆಯುವುದು ಇಬ್ಬರ ಉದ್ದೇಶವೂ ಅಲ್ಲ.

ಗುರಿಕಾರರು: ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಹುಟ್ಟಿದ್ದು ದೇವಸ್ಥಾನದ ಅಂಗಳದಲ್ಲಾದರೂ ಈಗ ಅದು ಇಗರ್ಜಿಯ ಅಂಗಳದಲ್ಲಿಯೂ ಕೇಳಿಬರುತ್ತಿದೆ, ಮಾಸ್ಟ್ರೇ. ಬಡಗಿಯ ಮನೆಯಲ್ಲಿ ಬೆಳೆದು, ತಲೆಯಿಡಲು ಸ್ವಂತದ್ದೊಂದು ಜಾಗವಿಲ್ಲದೆ ಊರೂರು ತಿರುಗಿದ ಗುರುವಿನ ಹೆಸರಿನಲ್ಲಿ ಬದುಕುವವರು ಬೆಲೆಬಾಳುವ ಕಾರು, ಬಂಗಲೆ, ಭೂವ್ಯವಹಾರಗಳ ನಡುವೆ ಕಾಣಿಸಿಕೊಂಡಾಗ, ವಾರವಾರ ಕಾಣಿಕೆ ಹಾಕುವ ಬೀಡಿ ಕಟ್ಟುವ ಹೆಂಗಸಿಗೆ ಏನೆಂದು ಉತ್ತರ ಹೇಳಬೇಕು?

ಅಧ್ಯಾಪಕರು: ಉತ್ತರಕ್ಕಿಂತ ಮೊದಲು ಪ್ರಶ್ನೆಯನ್ನು ಬಿಡಿಸಿಕೊಳ್ಳಬೇಕು, ಗುರಿಕಾರರೇ; ಏಕೆಂದರೆ ಅದರೊಳಗೆ ಸಂಪತ್ತು, ಲೋಭ, ಹತೋಟಿ ಎಂಬ ಮೂರು ಸಂಗತಿಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಸಂಸ್ಥೆಯೊಂದರಲ್ಲಿ ಹಣವಿರುವುದು ಸಂಪತ್ತು. ಆ ಹಣ ತನ್ನದಾಗಲಿ ಎಂದು ಒಬ್ಬನ ಮನಸ್ಸು ಬಯಸುವುದು ಲೋಭ. ಹಣ ತನ್ನದಲ್ಲದಿದ್ದರೂ ಅದು ಎಲ್ಲಿಗೆ ಹೋಗಬೇಕೆಂಬುದನ್ನು ತಾನೊಬ್ಬನೇ ತೀರ್ಮಾನಿಸುವುದು ಹತೋಟಿ. ಜನರ ಮಾತಿನಲ್ಲಿ ಮೂರಕ್ಕೂ ಲೋಭವೆಂಬ ಒಂದೇ ಹೆಸರಿದೆ. ಸುವಾರ್ತೆಗಳಲ್ಲಿ ಮಾಮನ್ ಎಂಬ ಅರಮೇಯಿಕ್ ಪದ ಬರುತ್ತದೆ. ಅದರ ಅರ್ಥ ಧನ, ಆಸ್ತಿ ಎಂದಷ್ಟೇ ಆದರೂ ದೇವರಿಗೆ ಎದುರಾಗಿ ನಿಲ್ಲುವ ಇನ್ನೊಬ್ಬ ಒಡೆಯನೆಂಬಂತೆ ಯೇಸು ಅದನ್ನು ಕುರಿತು ಮಾತನಾಡುತ್ತಾನೆ. ಅಲ್ಲಿ ದೋಷ ಹಣದ್ದಲ್ಲ, ಹಣಕ್ಕೆ ಒಡೆತನ ಬಿಟ್ಟುಕೊಟ್ಟ ಮನುಷ್ಯನದು.

ಗುರಿಕಾರರು: ಹಾಗಾದರೆ ಸಂಸ್ಥೆಯ ಸಂಪತ್ತು ಎಷ್ಟಿದ್ದರೂ ಆಕ್ಷೇಪವಿಲ್ಲವೇ? ಸಂಸ್ಥೆಗೆಂದು ಹೇಳಿಯೇ ಎಲ್ಲವನ್ನೂ ಕೂಡಿಹಾಕುವುದಲ್ಲವೇ?

ಅಧ್ಯಾಪಕರು: ಈ ಜಿಲ್ಲೆಯ ಚರಿತ್ರೆಯೇ ಇದಕ್ಕೆ ಒಳ್ಳೆಯ ಒರೆಗಲ್ಲು. 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಜೆಸ್ವಿಟರ ಮೊದಲ ತಂಡದಲ್ಲಿದ್ದ ಜರ್ಮನ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಹೋಮಿಯೋಪತಿ ಔಷಧಿ ಹಂಚಲು ತೊಡಗಿ, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯವನ್ನು ಕಟ್ಟಿದರು. ಅವರು ಔಷಧಿಯನ್ನು ಮಾರುತ್ತಲೂ ಇದ್ದರು, ಅದರಿಂದ ಹಣವೂ ಬರುತ್ತಿತ್ತು; ಆದರೆ ಬಂದ ಹಣ ರೋಗಿಯ ಹಾಸಿಗೆಯಾಗಿ ಮರಳುತ್ತಿತ್ತು. ಅದಕ್ಕೂ ಮೊದಲು, 1834ರಲ್ಲಿ ಸ್ಯಾಮ್ಯುಯೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರೊಡನೆ ಮಂಗಳೂರಿನಲ್ಲಿ ಕಾಲೂರಿದ ಪ್ರಾಟೆಸ್ಟೆಂಟ್ ಪಂಥದ ಬಾಸೆಲ್ ಮಿಷನ್, ಮತಾಂತರದಿಂದ ಜಾತಿ, ಮನೆ, ಗೇಣಿಯ ನೆಲವನ್ನು ಕಳೆದುಕೊಂಡವರಿಗೆ ಉದ್ಯೋಗ ಕೊಡಲೆಂದು 1851ರಲ್ಲಿ ನೇಯ್ಗೆಯನ್ನೂ 1865ರಲ್ಲಿ ಗಿಯೋರ್ಗ್ ಪ್ಲೆಬ್ಸ್ಟರ ನೇತೃತ್ವದಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನೂ ಆರಂಭಿಸಿತು. ಕಾರ್ಖಾನೆ ಲಾಭ ಗಳಿಸಿದಂತೆಲ್ಲ, ಸುವಾರ್ತೆ ಸಾರಲು ಬಂದವರು ಹೆಂಚು ಮಾರುವುದು ಸರಿಯೇ ಎಂಬ ಚರ್ಚೆ ಮಿಷನ್ನಿನ ಒಳಗಡೆಯೇ ನಡೆಯಿತು. ವ್ಯಾಪಾರಕ್ಕೆಂದೇ ಬಾಸೆಲ್‌ನಲ್ಲಿ ಪ್ರತ್ಯೇಕ ಕಂಪೆನಿ ಇದ್ದುದರಿಂದ ಉಪದೇಶಿಯ ಜೇಬಿಗೂ ಕಾರ್ಖಾನೆಯ ಪೆಟ್ಟಿಗೆಗೂ ನಡುವೆ ಒಂದು ಗೋಡೆ ಉಳಿಯಿತು. ಈ ಎರಡು ಉದಾಹರಣೆಗಳಲ್ಲಿ ಸಂಪತ್ತಿದೆ, ಲೋಭವಿಲ್ಲ. ಹಣ ಯಾವ ದಾರಿಯಲ್ಲಿ ಬಂದು ಯಾವ ದಾರಿಯಲ್ಲಿ ಹೋಯಿತೆಂಬುದು ನೋಡುವವರಿಗೆ ಕಾಣುತ್ತಿತ್ತು.

ಗುರಿಕಾರರು: ಅಂದಿನ ಆಸ್ಪತ್ರೆ ಬಡರೋಗಿಯನ್ನು ಹುಡುಕಿಕೊಂಡು ಹೋಗುತ್ತಿತ್ತು, ಇಂದಿನ ಎಷ್ಟೋ ಸಂಸ್ಥೆಗಳಲ್ಲಿ ಸೀಟಿಗೂ ನೇಮಕಾತಿಗೂ ‘ದೇಣಿಗೆ’ಯೆಂಬ ಸಭ್ಯವಾದ ಹೆಸರಿನ ಬೆಲೆಯಿದೆಯೆಂಬ ಮಾತನ್ನು ಪಾಲನಾ ಮಂಡಳಿಯ ಸಭೆಗಳಲ್ಲಿಯೇ ಪಿಸುದನಿಯಲ್ಲಿ ಕೇಳಬಹುದು. ಇನ್ನೊಂದು ತಪ್ಪುಕಲ್ಪನೆಯೂ ಜನರಲ್ಲಿದೆ. ಎಲ್ಲ ಪಾದ್ರಿಗಳೂ ಬಡತನದ ವ್ರತ ತೊಟ್ಟವರೆಂದು ಅನೇಕರು ತಿಳಿಯುತ್ತಾರೆ. ಹಾಗಲ್ಲ. ಜೆಸ್ವಿಟ್, ಕಾಪುಚಿನ್, ಕಾರ್ಮೆಲಿಟ್ ಮೊದಲಾದ ಮಠೀಯ ಸಭೆಗಳಿಗೆ ಸೇರಿದವರು ವಿಧೇಯತೆ, ಬ್ರಹ್ಮಚರ್ಯ, ಬಡತನ ಎಂಬ ಮೂರು ವ್ರತಗಳನ್ನು ತೊಡುತ್ತಾರೆ. ಅವರು ದುಡಿದು ಗಳಿಸಿದ್ದು ಸಭೆಗೇ ಸೇರುತ್ತದೆ. ಬಿಷಪರ ಕೈಕೆಳಗೆ ಇಗರ್ಜಿಗಳನ್ನು ನಡೆಸುವ ಧರ್ಮಪ್ರಾಂತ್ಯದ ಗುರುಗಳು ಬಡತನದ ವ್ರತ ತೊಡುವುದಿಲ್ಲ. ಅವರಿಗೆ ಪಿತ್ರಾರ್ಜಿತ ಆಸ್ತಿಯೂ ಇರಬಹುದು, ಬ್ಯಾಂಕಿನಲ್ಲಿ ಸ್ವಂತ ಖಾತೆಯೂ ಇರಬಹುದು. ಸರಳವಾಗಿ ಬಾಳಬೇಕೆಂದು ಧರ್ಮಸಭೆಯ ಕಾನೂನು ಅವರಿಗೆ ವಿಧಿಸುತ್ತದೆ. ಸರಳತೆಯ ಅಳತೆಗೋಲನ್ನು ಮಾತ್ರ ಅವರವರ ಮನಸ್ಸಾಕ್ಷಿಗೇ ಬಿಟ್ಟಿದೆ.

ಅಧ್ಯಾಪಕರು: ಈ ಭೇದ ಕ್ರೈಸ್ತರದು ಮಾತ್ರವಲ್ಲ. ಮೂಡುಬಿದಿರೆಯ ಜೈನರಲ್ಲಿ ಇದರ ಇನ್ನೊಂದು ರೂಪವಿದೆ. ದಿಗಂಬರ ಮುನಿಗೆ ನವಿಲುಗರಿಯ ಪಿಂಛಿ, ನೀರಿನ ಕಮಂಡಲು, ಓದುವ ಶಾಸ್ತ್ರಗ್ರಂಥಗಳ ಹೊರತು ಬೇರೇನೂ ಇರಕೂಡದು. ಅದು ಅಪರಿಗ್ರಹ, ಎಂದರೆ ಯಾವುದನ್ನೂ ತನ್ನದೆಂದು ಇಟ್ಟುಕೊಳ್ಳದ ವ್ರತ. ಆದರೆ 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯಂಥ ದೊಡ್ಡ ಕಟ್ಟಡವನ್ನೂ ಅಮೂಲ್ಯವಾದ ಬಿಂಬ, ತಾಳೆಗರಿಗಳನ್ನೂ ಕಾಪಾಡಲು ಯಾರಾದರೂ ಬೇಕಲ್ಲ. ಅದಕ್ಕಾಗಿ ವಸ್ತ್ರ ಉಟ್ಟು, ಮಠದಲ್ಲಿ ಕುಳಿತು, ಆಡಳಿತ ನಡೆಸುವ ಭಟ್ಟಾರಕರ ಪೀಠ ಬೆಳೆದು ಬಂತು. ಎಲ್ಲವನ್ನೂ ತೊರೆಯುವವನೊಬ್ಬ, ತೊರೆದವನ ಹೆಸರಿನಲ್ಲಿ ಬಂದದ್ದನ್ನು ಕಾಯುವವನೊಬ್ಬ. ಧರ್ಮಕ್ಕೆ ಇಬ್ಬರೂ ಬೇಕು, ಮತ್ತು ಆಮಿಷ ಯಾವಾಗಲೂ ಕಾಯುವವನ ಬಾಗಿಲಲ್ಲಿಯೇ ನಿಲ್ಲುತ್ತದೆ. ಕ್ರೈಸ್ತರಲ್ಲಿ ಈ ತೊಡಕು ಒಮ್ಮೆ ದೊಡ್ಡ ಜಗಳವೇ ಆಯಿತು. ಅಸಿಸಿಯ ಫ್ರಾನ್ಸಿಸನ ಅನುಯಾಯಿಗಳಲ್ಲಿ ಹಲವರು, ಕ್ರಿಸ್ತನಿಗೂ ಅವನ ಪ್ರೇಷಿತರಿಗೂ ಸ್ವಂತದ ಆಸ್ತಿಯೇ ಇರಲಿಲ್ಲವೆಂದು ವಾದಿಸಿದಾಗ, 1323ರಲ್ಲಿ ಪೋಪ್ ಇಪ್ಪತ್ತೆರಡನೆಯ ಜಾನ್ ಆ ವಾದವನ್ನೇ ಪಾಷಂಡವೆಂದು ಸಾರಿದನು. ಆ ಮಾತನ್ನು ಒಪ್ಪಿದರೆ ಧರ್ಮಸಭೆಯ ಆಸ್ತಿಯ ಬುಡವೇ ಅಲುಗಾಡುತ್ತಿತ್ತು.

ಗುರಿಕಾರರು: ಕಾಯುವವನ ಬಾಗಿಲೆಂದಾಗ ಮೈಸೂರು ಧರ್ಮಪ್ರಾಂತ್ಯದ ಸಂಗತಿ ನೆನಪಾಗುತ್ತದೆ. 2019ರಲ್ಲಿ ಅಲ್ಲಿನ 37 ಮಂದಿ ಗುರುಗಳು ತಮ್ಮ ಬಿಷಪ್ ಕೆ. ಎ. ವಿಲಿಯಂ ಅವರ ವಿರುದ್ಧ ಹಣದ ದುರುಪಯೋಗವೂ ಸೇರಿದಂತೆ ಗಂಭೀರ ಆರೋಪಗಳನ್ನು ರೋಮಿಗೆ ಬರೆದು ತಿಳಿಸಿದರು. ಬಿಷಪರು ಆರೋಪಗಳನ್ನು ನಿರಾಕರಿಸಿದರು. 2023ರ ಜನವರಿಯಲ್ಲಿ ಅವರನ್ನು ಆಡಳಿತದಿಂದ ದೂರವಿರಿಸಿ, ಬೆಂಗಳೂರಿನ ನಿವೃತ್ತ ಆರ್ಚ್‌ಬಿಷಪ್ ಬರ್ನಾರ್ಡ್ ಮೊರಾಸ್ ಅವರಿಗೆ ಆಡಳಿತವನ್ನು ಒಪ್ಪಿಸಲಾಯಿತು. 2025ರಲ್ಲಿ ವಿಲಿಯಂ ಅವರ ರಾಜೀನಾಮೆ ಅಂಗೀಕಾರವಾಯಿತು. ಪತ್ರ ಬರೆದಂದಿನಿಂದ ರಾಜೀನಾಮೆ ಅಂಗೀಕಾರವಾಗುವವರೆಗೆ ಐದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಅಷ್ಟು ದಿನ ಕಾಣಿಕೆ ಹಾಕಿದ ಜನ ಸತ್ಯವೇನೆಂದು ತಿಳಿಯದೆ ಕುಳಿತರು.

ಅಧ್ಯಾಪಕರು: ಆರೋಪವನ್ನೇ ತೀರ್ಪೆಂದು ತಿಳಿಯಬಾರದು ಎಂಬ ಎಚ್ಚರವನ್ನು ಇಟ್ಟುಕೊಂಡೇ ಇನ್ನೆರಡು ಪ್ರಕರಣಗಳನ್ನು ಗಮನಿಸಬಹುದು. ಬೆಳ್ತಂಗಡಿ ಧರ್ಮಪ್ರಾಂತ್ಯವು ಸೇರಿರುವ ಸಿರೋ-ಮಲಬಾರ್ ಸಭೆಯ ಪರಮೋಚ್ಚ ಮುಖ್ಯಸ್ಥರಾಗಿದ್ದ ಕಾರ್ಡಿನಲ್ ಜಾರ್ಜ್ ಆಲಂಚೇರಿ ಅವರ ಕಾಲದಲ್ಲಿ, ಎರ್ನಾಕುಲಂ-ಅಂಗಮಾಲಿ ಮಹಾಧರ್ಮಪ್ರಾಂತ್ಯದ ಬ್ಯಾಂಕ್ ಸಾಲವನ್ನು ತೀರಿಸಲೆಂದು ಕೊಚ್ಚಿಯಲ್ಲಿ ಸುಮಾರು 3 ಎಕರೆ ಜಮೀನನ್ನು ಮಾರಲಾಯಿತು. ಸುಮಾರು 27 ಕೋಟಿ ರೂಪಾಯಿ ಬರಬೇಕಿದ್ದಲ್ಲಿ ಸುಮಾರು 9 ಕೋಟಿಯಷ್ಟೇ ಕೈಸೇರಿತೆಂದು ಅಲ್ಲಿನ ಗುರುಗಳೇ ಆಕ್ಷೇಪವೆತ್ತಿದರು. ಕಾರ್ಡಿನಲ್ ತಪ್ಪನ್ನು ಒಪ್ಪಲಿಲ್ಲ. ಪ್ರಕರಣ ನ್ಯಾಯಾಲಯಕ್ಕೆ ಹೋಗಿ, ಮೊಕದ್ದಮೆಯನ್ನು ರದ್ದುಪಡಿಸಲು ಸುಪ್ರೀಂ ಕೋರ್ಟು 2023ರ ಮಾರ್ಚಿನಲ್ಲಿ ನಿರಾಕರಿಸಿತು; ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಹುದ್ದೆಯಿಂದ ಇಳಿದರು. ಇನ್ನೊಂದು, ಪ್ರಾಟೆಸ್ಟೆಂಟರ ಉತ್ತರ ಭಾರತ ಸಭೆಯ ಜಬಲಪುರದ ಬಿಷಪ್ ಪಿ. ಸಿ. ಸಿಂಗ್ ಅವರದು. 2022ರ ಸೆಪ್ಟೆಂಬರಿನಲ್ಲಿ ಮಧ್ಯಪ್ರದೇಶದ ಆರ್ಥಿಕ ಅಪರಾಧ ದಳವು ಅವರ ಮನೆಯನ್ನು ಶೋಧಿಸಿದಾಗ 1.65 ಕೋಟಿ ರೂಪಾಯಿ ನಗದು ಸಿಕ್ಕಿತೆಂದು ಪೊಲೀಸರು ತಿಳಿಸಿದರು, ಕೆಲವೇ ದಿನಗಳಲ್ಲಿ ಅವರ ಬಂಧನವಾಯಿತು. ಈ ಎರಡು ಪ್ರಕರಣಗಳು ಒಂದೇ ಜಾತಿಯವಲ್ಲ. ಜಬಲಪುರದ ಆರೋಪ ಲೋಭದ್ದು. ಕೊಚ್ಚಿಯ ಪ್ರಶ್ನೆ ಹತೋಟಿಯದು. ಕೊಚ್ಚಿಯಲ್ಲಿ ಹಣ ಯಾರ ಜೇಬಿಗೆ ಹೋಯಿತೆಂಬುದಕ್ಕಿಂತ, ಊರಿನವರ ಆಸ್ತಿಯನ್ನು ಊರಿನವರನ್ನು ಕೇಳದೆ ಮಾರಬಹುದೇ ಎಂಬುದೇ ಜನರನ್ನು ಕೆರಳಿಸಿತು.

ಗುರಿಕಾರರು: ಬಡ ದೇಶದಲ್ಲಿ ಹೀಗಾಗುತ್ತದೆ, ಮೇಲಿನವರಲ್ಲಿ ಹೀಗಿಲ್ಲವೆಂದು ಹೇಳುವವರೂ ಇದ್ದಾರೆ.

ಅಧ್ಯಾಪಕರು: ಮೇಲಿನವರ ಕಥೆಯೂ ಹೀಗೆಯೇ ಇದೆ. ಜರ್ಮನಿಯ ಲಿಂಬುರ್ಗಿನ ಬಿಷಪ್ ಟೆಬಾರ್ಟ್ಸ್-ವಾನ್ ಎಲ್ಸ್ಟ್ ಅವರ ನಿವಾಸದ ಕಟ್ಟಡಕ್ಕೆ ಸುಮಾರು 3.1 ಕೋಟಿ ಯೂರೋ ಖರ್ಚಾಯಿತೆಂದು ತಿಳಿದಾಗ ಪೋಪ್ ಫ್ರಾನ್ಸಿಸ್ 2013ರಲ್ಲಿ ಅವರನ್ನು ಕೆಲಸದಿಂದ ದೂರವಿಟ್ಟು, ಮರುವರ್ಷ ರಾಜೀನಾಮೆಯನ್ನು ಪಡೆದರು. ಲಂಡನ್ನಿನ ಕಟ್ಟಡವೊಂದರಲ್ಲಿ ಹಣ ಹೂಡಿದ ಪ್ರಕರಣದಿಂದ ಆರಂಭವಾದ ವಿಚಾರಣೆಯಲ್ಲಿ ಕಾರ್ಡಿನಲ್ ಆಂಜೆಲೊ ಬೆಚ್ಚು ಅವರಿಗೆ ವ್ಯಾಟಿಕನ್ನಿನ ನ್ಯಾಯಾಲಯವು 2023ರ ಡಿಸೆಂಬರಿನಲ್ಲಿ ಐದೂವರೆ ವರ್ಷಗಳ ಸಜೆ ವಿಧಿಸಿತು. ಅವರು ತಪ್ಪಿಲ್ಲವೆಂದು ಮೇಲ್ಮನವಿ ಸಲ್ಲಿಸಿದರು. ದೇಶ ಬಡವೋ ಸಿರಿವಂತವೋ ಎಂಬುದು ಮುಖ್ಯವಲ್ಲ. ಲೆಕ್ಕ ಕೇಳುವವರು ಎದುರಿಗೆ ಇದ್ದರೋ ಇಲ್ಲವೋ ಎಂಬುದು ಮುಖ್ಯ.

ಗುರಿಕಾರರು: ಲೆಕ್ಕ ಕೇಳಬೇಕೆಂದು ಧರ್ಮಸಭೆಯ ಕಾನೂನೇ ಹೇಳುತ್ತದೆಂಬುದು ಬಹಳ ಮಂದಿಗೆ ತಿಳಿದಿಲ್ಲ, ಮಾಸ್ಟ್ರೇ. ಲ್ಯಾಟಿನ್ ವಿಧಿಯವರಿಗೆ 1983ರಲ್ಲಿ ಜಾರಿಗೆ ಬಂದ ಕಾನೂನು ಸಂಹಿತೆಯ ಪ್ರಕಾರ ಪ್ರತಿ ಇಗರ್ಜಿಯಲ್ಲಿಯೂ ಒಂದು ಹಣಕಾಸು ಸಮಿತಿ ಇರಲೇಬೇಕು. ಗುರುವಿನ ಕೈಗೆ ಕೊಟ್ಟ ಕಾಣಿಕೆ, ಬೇರೆ ಉದ್ದೇಶ ಸ್ಪಷ್ಟವಾಗದ ಹೊರತು, ಗುರುವಿಗೆ ಕೊಟ್ಟದ್ದಲ್ಲ, ಇಗರ್ಜಿಗೆ ಕೊಟ್ಟದ್ದು. ಸತ್ತವರ ಆತ್ಮಕ್ಕಾಗಿಯೋ ಹರಕೆಗಾಗಿಯೋ ಪೂಜೆ ಹೇಳಿಸುವಾಗ ಕೊಡುವ ಕಾಣಿಕೆಯಲ್ಲಿ ವ್ಯಾಪಾರದ ನೆರಳೂ ಬೀಳಬಾರದು. ಗುರುವು ದಿನಕ್ಕೆ ಎಷ್ಟು ಪೂಜೆ ಅರ್ಪಿಸಿದರೂ, ಕ್ರಿಸ್ಮಸ್ಸಿನ ದಿನವೊಂದನ್ನು ಬಿಟ್ಟು, ಒಂದು ಪೂಜೆಯ ಕಾಣಿಕೆಯನ್ನಷ್ಟೇ ತನ್ನದಾಗಿಸಿಕೊಳ್ಳಬಹುದು. ಜನ ಕೊಟ್ಟ ಹಣದ ಲೆಕ್ಕವನ್ನು ಜನರಿಗೇ ಒಪ್ಪಿಸಬೇಕು. ಬಿಷಪರ ಹಣಕಾಸು ಸಮಿತಿಯಲ್ಲಿ ಅವರ ಹತ್ತಿರದ ನೆಂಟರು ಇರಕೂಡದು.

ಅಧ್ಯಾಪಕರು: ಕಾನೂನು ಇಷ್ಟು ಚೆನ್ನಾಗಿದ್ದೂ ಹಣ ಸೋರುವುದಾದರೆ ಸೋರುವ ತೂತು ಎಲ್ಲಿದೆಯೆಂದು ನೋಡಬೇಕು. ಆ ಸಮಿತಿಯ ಸದಸ್ಯರನ್ನು ನೇಮಿಸುವವರು ಯಾರು?

ಗುರಿಕಾರರು: ಬಿಷಪರೇ. ಇಗರ್ಜಿಯ ಮಟ್ಟದಲ್ಲಿ ಗುರಿಕಾರರನ್ನು ವಾಳೆಯವರು ಆರಿಸುವುದುಂಟು, ಪಾಲನಾ ಮಂಡಳಿಗೆ ಚುನಾಯಿತ ಉಪಾಧ್ಯಕ್ಷರೂ ಇರುತ್ತಾರೆ. ಆದರೆ ಅಧ್ಯಕ್ಷರು ಇಗರ್ಜಿಯ ಗುರುಗಳೇ, ಮಂಡಳಿಯದು ಸಲಹೆ ಹೇಳುವ ಅಧಿಕಾರ ಮಾತ್ರ.

ಅಧ್ಯಾಪಕರು: ತೂತು ಅಲ್ಲಿದೆ. ಲೆಕ್ಕ ಕೊಡಬೇಕಾದವನೇ ಲೆಕ್ಕ ಕೇಳುವವನನ್ನು ಆರಿಸುವ ಏರ್ಪಾಡಿನಲ್ಲಿ ಒಳ್ಳೆಯವನ ಕೈಯಲ್ಲಿ ಕೆಲಸ ಚೆನ್ನಾಗಿಯೇ ನಡೆಯುತ್ತದೆ, ಆದರೆ ಕೆಟ್ಟವನನ್ನು ತಡೆಯುವ ಶಕ್ತಿ ಅದಕ್ಕಿರುವುದಿಲ್ಲ. ಇದಕ್ಕೆ ಮದ್ದನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಕೇರಳದ ಸಂತ ತೋಮನ ಕ್ರೈಸ್ತರಲ್ಲಿ ಪಳ್ಳಿಯೋಗವೆಂಬ ಪ್ರಾಚೀನ ಪದ್ಧತಿಯಿತ್ತು. ಪಳ್ಳಿಯೆಂದರೆ ಇಗರ್ಜಿ, ಯೋಗವೆಂದರೆ ಸಭೆ. ಮನೆಮನೆಯ ಯಜಮಾನರು ಗುರುಗಳೊಡನೆ ಒಟ್ಟಾಗಿ ಕುಳಿತು ಇಗರ್ಜಿಯ ಆಸ್ತಿ, ಖರ್ಚು, ವ್ಯಾಜ್ಯಗಳನ್ನು ತೀರ್ಮಾನಿಸುತ್ತಿದ್ದರು. ಪೂಜೆ ಗುರುವಿನದು, ಪೆಟ್ಟಿಗೆ ಊರಿನದು ಎಂಬುದು ಅದರ ತಿರುಳು. 1599ರಲ್ಲಿ ಗೋವೆಯ ಆರ್ಚ್‌ಬಿಷಪ್ ಮೆನೆಜಿಸ್ ಉದಯಂಪೇರೂರಿನಲ್ಲಿ ಸೇರಿಸಿದ ಸಭೆಯ ಬಳಿಕ ಪೋರ್ಚುಗೀಸ್ ಮಾದರಿಯ ಬಿಷಪ್ ಅಧಿಕಾರ ಬಲಗೊಂಡಂತೆ ಪಳ್ಳಿಯೋಗದ ಬಲ ಕುಂದಿತು. ಆ ಪರಂಪರೆಯ ವಾರಸುದಾರರೇ ಇಂದು ಬೆಳ್ತಂಗಡಿಯ ಗುಡ್ಡಗಳಲ್ಲಿ ರಬ್ಬರು ಹಾಲು ತೆಗೆಯುತ್ತಿದ್ದಾರೆ. ಕೊಚ್ಚಿಯ ಜಮೀನಿನ ಪ್ರಕರಣದಲ್ಲಿ ಜನ ಅಷ್ಟು ಜೋರಾಗಿ ಪ್ರಶ್ನಿಸಿದ್ದರ ಹಿಂದೆ ಈ ಹಳೆಯ ಹಕ್ಕಿನ ನೆನಪೂ ಇದ್ದೀತು.

ಗುರಿಕಾರರು: ಪ್ರಶ್ನಿಸುವುದೇ ಪಾಪವೆಂದು ಹೆದರಿಸುವವರಿಗೆ ಬೈಬಲ್ಲಿನಲ್ಲಿಯೇ ಉತ್ತರವಿದೆ. ಯೇಸುವಿನ ಹನ್ನೆರಡು ಮಂದಿಯ ತಂಡದಲ್ಲಿಯೂ ಹಣದ ಚೀಲವೊಂದಿತ್ತು, ಅದನ್ನು ಹೊರುತ್ತಿದ್ದವನು ಯೂದ, ಮತ್ತು ಅವನು ಅದರಿಂದ ಕದಿಯುತ್ತಿದ್ದನೆಂದು ಯೊವಾನ್ನನ ಸುವಾರ್ತೆ ಮುಚ್ಚುಮರೆಯಿಲ್ಲದೆ ದಾಖಲಿಸಿದೆ. ಪ್ರೇಷಿತರ ಕಾರ್ಯಕಲಾಪಗಳಲ್ಲಿ, ಪವಿತ್ರಾತ್ಮನ ವರವನ್ನು ಹಣಕ್ಕೆ ಕೊಳ್ಳಲು ಬಂದ ಸಿಮೋನನೆಂಬ ಮಾಂತ್ರಿಕನನ್ನು ಪೇತ್ರನು ಗದರಿಸುತ್ತಾನೆ. ಧರ್ಮಸಭೆಯ ಹುದ್ದೆ, ಸಂಸ್ಕಾರಗಳನ್ನು ಮಾರುವ, ಕೊಳ್ಳುವ ಪಾಪಕ್ಕೆ ಅವನ ಹೆಸರಿನಿಂದಲೇ ‘ಸಿಮೊನಿ’ ಎಂಬ ಪದ ಬಂದಿದೆ.

ಅಧ್ಯಾಪಕರು: ಆ ಪಾಪವೇ ಹದಿನಾರನೆಯ ಶತಮಾನದಲ್ಲಿ ಧರ್ಮಸಭೆಯನ್ನು ಇಬ್ಭಾಗ ಮಾಡಿತು. ಮೈನ್ಸ್ ನಗರದ ಆರ್ಚ್‌ಬಿಷಪ್ ಆಲ್ಬ್ರೆಖ್ಟ್ ತನ್ನ ಹುದ್ದೆಗಾಗಿ ರೋಮಿಗೆ ಸಲ್ಲಿಸಬೇಕಾಗಿದ್ದ ಹಣವನ್ನು ಫುಗ್ಗರ್ ಎಂಬ ಸಾಹುಕಾರರಿಂದ ಸಾಲ ತಂದನು. ಸಾಲ ತೀರಿಸಲು ಅವನ ಸೀಮೆಯಲ್ಲಿ ಪಾಪವಿಮೋಚನಾ ಪತ್ರಗಳು, ಎಂದರೆ ಪಾಪಕ್ಕೆ ಸಲ್ಲಬೇಕಾದ ಶಿಕ್ಷೆಯಲ್ಲಿ ರಿಯಾಯಿತಿ ಕೊಡುವ ಪತ್ರಗಳು, ಮಾರಾಟಕ್ಕೆ ಬಂದವು. ಬಂದ ಹಣದಲ್ಲಿ ಅರ್ಧ ಸಾಹುಕಾರರಿಗೆ, ಅರ್ಧ ರೋಮಿನ ಸಂತ ಪೇತ್ರರ ಮಹಾದೇವಾಲಯದ ಕಟ್ಟಡಕ್ಕೆ. ಜನರಿಗೆ ಕಟ್ಟಡದ ಪಾಲು ಮಾತ್ರ ಕಾಣುತ್ತಿತ್ತು, ಸಾಲದ ಪಾಲು ಕಾಣುತ್ತಿರಲಿಲ್ಲ. 1517ರಲ್ಲಿ ಮಾರ್ಟಿನ್ ಲೂಥರ್ ಎತ್ತಿದ ಆಕ್ಷೇಪ ದೇವತಾಶಾಸ್ತ್ರದ್ದೆಂದು ಪ್ರಸಿದ್ಧವಾಗಿದ್ದರೂ, ಅದರ ಬುಡದಲ್ಲಿ ಇದ್ದದ್ದು ಗುಟ್ಟಾಗಿಟ್ಟ ಒಂದು ಲೆಕ್ಕ.

ಗುರಿಕಾರರು: ಲೂಥರನ ಹೆಸರು ಹೇಳಿಕೊಳ್ಳುವ ಪಂಥಗಳಿಂದ ಕವಲೊಡೆದ ಕೆಲವು ಸ್ವತಂತ್ರ ಬೋಧಕರು ಇಂದು ಇನ್ನೊಂದು ಹಾದಿ ಹಿಡಿದಿದ್ದಾರಲ್ಲ. ಕಾಣಿಕೆ ಕೊಟ್ಟಷ್ಟೂ ದೇವರು ಹಿಂದಕ್ಕೆ ಸುರಿಯುತ್ತಾನೆ, ಬೋಧಕನ ಐಶ್ವರ್ಯವೇ ದೇವರ ಮೆಚ್ಚುಗೆಯ ಗುರುತು ಎಂದು ಅವರು ಸಾರುತ್ತಾರೆ.

ಅಧ್ಯಾಪಕರು: ಅದಕ್ಕೆ ಸಮೃದ್ಧಿಯ ಸುವಾರ್ತೆಯೆಂದು ಹೆಸರು, ಅಮೆರಿಕದ ಟಿ.ವಿ. ಬೋಧಕರಿಂದ ಅದು ಜಗತ್ತಿಗೆಲ್ಲ ಹರಡಿತು. ಹಳೆಯ ಒಡಂಬಡಿಕೆಯ ದಶಮಾಂಶ, ಎಂದರೆ ಬೆಳೆಯ ಹತ್ತರಲ್ಲೊಂದು ಪಾಲು, ಸ್ವಂತ ನೆಲವಿಲ್ಲದ ಲೇವಿ ಕುಲದವರಿಗೂ ಪರದೇಶಿ, ಅನಾಥ, ವಿಧವೆಯರಿಗೂ ಸಲ್ಲಬೇಕಾದದ್ದು. ಆ ಪದವನ್ನೇ ಬೋಧಕನೊಬ್ಬನ ಆದಾಯಕ್ಕೆ ಬಳಸಿದಾಗ ಪಡೆಯಬೇಕಾದವರ ಪಟ್ಟಿಯಿಂದ ಅನಾಥ, ವಿಧವೆಯರು ಮಾಯವಾಗುತ್ತಾರೆ. ಕ್ಯಾಥೋಲಿಕರಲ್ಲಿ ಮೇಲಿನವರು ಹೆಚ್ಚಾಗಿರುವುದು ತೊಡಕಾದರೆ, ಇವರಲ್ಲಿ ಮೇಲಿನವರೇ ಇಲ್ಲದಿರುವುದು ತೊಡಕು. ಎರಡು ಕಡೆಯೂ ಕೆಳಗಿನವರಿಗೆ ಲೆಕ್ಕ ಸಿಗುವುದಿಲ್ಲ.

ಗುರಿಕಾರರು: ಹಾಗಾದರೆ ಸರಕಾರವೇ ಕೈಹಾಕಬೇಕೆನ್ನುವವರ ವಾದ ಸರಿಯೇ? ಕರ್ನಾಟಕದಲ್ಲಿ ದೇವಸ್ಥಾನಗಳಿಗೆ 1997ರ ಮುಜರಾಯಿ ಕಾಯ್ದೆಯಿದೆ, ವಕ್ಫ್ ಆಸ್ತಿಗೆ 1995ರ ಕೇಂದ್ರ ಕಾಯ್ದೆಯಿದೆ. ಇಗರ್ಜಿಯ ಆಸ್ತಿಗೆಂದೇ ಅಂಥದ್ದೊಂದು ಕಾಯ್ದೆಯಿಲ್ಲ.

ಅಧ್ಯಾಪಕರು: ಕೇರಳದಲ್ಲಿ ಅಂಥ ಪ್ರಯತ್ನ ಎರಡು ಸಲ ನಡೆಯಿತು. 2009ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ನೇತೃತ್ವದ ಆಯೋಗವೂ, 2019ರಲ್ಲಿ ನ್ಯಾಯಮೂರ್ತಿ ಕೆ. ಟಿ. ಥಾಮಸ್ ನೇತೃತ್ವದ ಆಯೋಗವೂ ಇಗರ್ಜಿಯ ಆಸ್ತಿಯನ್ನು ಕುರಿತ ಮಸೂದೆಗಳನ್ನು ರೂಪಿಸಿದವು. ಬಿಷಪರ ತೀವ್ರ ವಿರೋಧದಿಂದ ಎರಡೂ ಕಾಯ್ದೆಯಾಗಲಿಲ್ಲ. ಆದರೂ ಇಗರ್ಜಿಗಳು ಕಾನೂನಿನ ಹೊರಗಿವೆ ಎನ್ನುವುದು ತಪ್ಪು. ಟ್ರಸ್ಟು, ಸೊಸೈಟಿಗಳ ಕಾನೂನು, ಆದಾಯ ತೆರಿಗೆಯ ಲೆಕ್ಕಪರಿಶೋಧನೆ, ವಿದೇಶಿ ದೇಣಿಗೆಯ ಮೇಲಿನ 2010ರ ಕಾಯ್ದೆ ಇವೆಲ್ಲ ಇಗರ್ಜಿಯ ಸಂಸ್ಥೆಗಳಿಗೂ ಅನ್ವಯಿಸುತ್ತವೆ. ಬಾಸೆಲ್ ಮಿಷನ್ನಿನ ಇಲ್ಲಿನ ಸಭೆಗಳು ಮುಂದೆ ಸೇರಿದ ದಕ್ಷಿಣ ಭಾರತ ಸಭೆಯ ಆಸ್ತಿಯಂತೂ 1947ರಲ್ಲಿ ಕಂಪೆನಿ ಕಾಯ್ದೆಯಡಿಯೇ ನೋಂದಣಿಯಾದ ಟ್ರಸ್ಟ್ ಅಸೋಸಿಯೇಷನ್ನಿನ ಹೆಸರಿನಲ್ಲಿದೆ. ಅನುದಾನಿತ ಶಾಲೆಗಳಲ್ಲಿ ಕಲಿಸುವ ಗುರುಗಳೂ ಕನ್ಯಾಸ್ತ್ರೀಯರೂ ತಮ್ಮ ಸಂಬಳವನ್ನು ಬಡತನದ ವ್ರತದಂತೆ ಸಭೆಗೆ ಒಪ್ಪಿಸಿದರೂ, ಸಂಬಳದ ಮೂಲದಲ್ಲಿಯೇ ತೆರಿಗೆ ಕಡಿತವಾಗಬೇಕೆಂದು ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ತೀರ್ಮಾನಿಸಿತು. ಸರಕಾರಕ್ಕೆ ಲೆಕ್ಕ ಹೋಗುತ್ತದೆ, ಬಿಷಪರಿಗೆ ಲೆಕ್ಕ ಹೋಗುತ್ತದೆ. ಕಾಣಿಕೆ ಹಾಕಿದವಳಿಗೆ ಮಾತ್ರ ಲೆಕ್ಕ ತಲುಪುವುದಿಲ್ಲ.

ಗುರಿಕಾರರು: ಕೇಳಲು ಹಿಂಜರಿಯುವುದಕ್ಕೆ ಬೇರೊಂದು ಕಾರಣವೂ ಇದೆ. 2008ರ ಸೆಪ್ಟೆಂಬರಿನಲ್ಲಿ ಈ ಜಿಲ್ಲೆಯ ಪ್ರಾರ್ಥನಾಲಯಗಳ ಮೇಲೆ ದಾಳಿಗಳಾದದ್ದನ್ನು ಯಾರೂ ಮರೆತಿಲ್ಲ. ಮನೆಯ ಜಗಳವನ್ನು ಬೀದಿಗೆ ತಂದರೆ, ಇಗರ್ಜಿಯೆಂದರೆ ವಿದೇಶಿ ಹಣದ ಅಂಗಡಿ ಎನ್ನುವವರ ಕೈಗೆ ದೊಣ್ಣೆ ಕೊಟ್ಟಂತಾಗುತ್ತದೆಂದು ಹಿರಿಯರು ಬಾಯಿ ಮುಚ್ಚಿಸುತ್ತಾರೆ.

ಅಧ್ಯಾಪಕರು: ಆ ಭಯ ಸುಳ್ಳಲ್ಲ, ಅಲ್ಪಸಂಖ್ಯಾತರ ಮನೆಯೊಳಗಿನ ಪ್ರಶ್ನೆಗೆ ಹೊರಗಿನವರ ಪ್ರಶ್ನೆಗಿಂತ ಹೆಚ್ಚು ಬೆಲೆ ತೆರಬೇಕಾಗುತ್ತದೆ. ಆದರೆ ಭಯವನ್ನು ಗುರಾಣಿಯಾಗಿ ಹಿಡಿಯುವವನು ಕಾಣಿಕೆ ಹಾಕುವವನಲ್ಲ, ಕಾಣಿಕೆಯನ್ನು ಕಾಯುವವನು ಎಂಬುದನ್ನೂ ಗಮನಿಸಬೇಕು. ಮೈಸೂರಿನಲ್ಲಿ ಪತ್ರ ಬರೆದವರು ಗುರುಗಳೇ, ಕೊಚ್ಚಿಯಲ್ಲಿ ಆಕ್ಷೇಪವೆತ್ತಿದವರೂ ಗುರುಗಳೇ. ಸರಳವಾಗಿ ಬದುಕುವ ನೂರಾರು ಗುರುಗಳ ಮರ್ಯಾದೆ ಉಳಿಯುವುದು ಅಂಥ ಪ್ರಶ್ನೆಗಳಿಂದಲೇ.

ಗುರಿಕಾರರು: ಆದರೂ, ಕೊಟ್ಟ ಮೇಲೆ ಲೆಕ್ಕ ಕೇಳಬಾರದೆಂಬ ಸಂಕೋಚ ಹಳ್ಳಿಯವರ ರಕ್ತದಲ್ಲಿಯೇ ಇದೆ. ದಾನ ಕೊಟ್ಟ ಆಕಳ ಹಲ್ಲು ಎಣಿಸಬಾರದೆಂದು ಗಾದೆಯೇ ಇದೆಯಲ್ಲ, ಮಾಸ್ಟ್ರೇ.

ಅಧ್ಯಾಪಕರು: ಆ ಗಾದೆಯನ್ನು ಎಲ್ಲರೂ ತಿರುಗುಮುರುಗು ಮಾಡಿ ಬಳಸುತ್ತಾರೆ, ಗುರಿಕಾರರೇ. ಹಲ್ಲು ಎಣಿಸಬಾರದೆಂದು ಗಾದೆ ಹೇಳುವುದು ಆಕಳನ್ನು ಪಡೆದವನಿಗೆ, ಕೊಟ್ಟವನಿಗಲ್ಲ. ಕೊಟ್ಟವನು ನಾಲ್ಕು ದಿನ ಬಿಟ್ಟು ಹಟ್ಟಿಗೆ ಬಂದು, ಆಕಳಿಗೆ ಹುಲ್ಲು ಬೀಳುತ್ತಿದೆಯೇ, ಹಾಲು ಯಾರ ಮನೆಯ ಮಕ್ಕಳಿಗೆ ಹೋಗುತ್ತಿದೆ ಎಂದು ವಿಚಾರಿಸುವುದನ್ನು ಯಾವ ಗಾದೆಯೂ ತಡೆದಿಲ್ಲ.

ಗುರಿಕಾರರು: ಹಾಗೆ ನೋಡಿದರೆ ಆಯ್ದಕ್ಕಿ ಲಕ್ಕಮ್ಮನ ಕಥೆಯೂ ಇದನ್ನೇ ಹೇಳುತ್ತದೆ. ಬಿದ್ದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಮಾರಯ್ಯ ಒಂದು ದಿನ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬರುವಂತೆ ಅವನನ್ನು ಹಿಂದಕ್ಕೆ ಕಳುಹಿಸಿದವಳು ಹೆಂಡತಿ ಲಕ್ಕಮ್ಮ. ಅದು ಕದ್ದ ಅಕ್ಕಿಯಲ್ಲ, ತನಗೆಂದು ತಂದ ಅಕ್ಕಿಯೂ ಅಲ್ಲ, ದಾಸೋಹಕ್ಕೆಂದೇ ತಂದದ್ದು. ಆದರೂ ಮನೆಯ ಹೊಸ್ತಿಲಲ್ಲಿ ಅಳೆದು ನೋಡುವವರೊಬ್ಬರು ಇದ್ದರು.

ಅಧ್ಯಾಪಕರು: ಇಗರ್ಜಿಗೂ ಬೇಕಾದದ್ದು ಅದೇ: ಹೊಸ್ತಿಲಲ್ಲಿ ನಿಂತು ಅಳೆದು ನೋಡುವ ಒಬ್ಬ ಲಕ್ಕಮ್ಮ. ಆಕೆಯನ್ನು ಗುರುಗಳು ನೇಮಿಸಬಾರದು, ವಾಳೆಗಳೇ ಆರಿಸಬೇಕು.

ಸಂವಾದ ಇಲ್ಲಿಗೆ ನಿಲ್ಲುತ್ತದೆ. ಅದರಿಂದ ಹೊರಡುವ ನಿರ್ಣಯ ದೊಡ್ಡ ಸುಧಾರಣೆಯ ಘೋಷಣೆಯಲ್ಲ. ಧಾರ್ಮಿಕ ನಾಯಕನ ಲೋಭವನ್ನು ಅವನ ಮನಸ್ಸಿನೊಳಗೆ ಹೊಕ್ಕು ಅಳೆಯಲು ಯಾರಿಂದಲೂ ಆಗದು. ಅವನ ಮುಂದಿರುವ ಪೆಟ್ಟಿಗೆಯನ್ನು ತೆರೆದು ಎಣಿಸಲು ಮಾತ್ರ ಎಲ್ಲರಿಂದಲೂ ಆಗುತ್ತದೆ. ವರ್ಷಕ್ಕೊಮ್ಮೆ, ಭಾನುವಾರದ ಪೂಜೆ ಮುಗಿದ ಮೇಲೆ, ಬಂದದ್ದೆಷ್ಟು, ಹೋದದ್ದೆಲ್ಲಿಗೆ, ಉಳಿದದ್ದು ಯಾರ ಹೆಸರಿನಲ್ಲಿದೆ ಎಂಬ ಮೂರು ಸಂಗತಿಗಳನ್ನು ಜನರ ಭಾಷೆಯಲ್ಲಿ ಗಟ್ಟಿಯಾಗಿ ಓದಿ, ಬಾಗಿಲ ಬಳಿಯ ಫಲಕಕ್ಕೆ ಅಂಟಿಸಿದರೆ, ಹೊಸ ಕಾಯ್ದೆಯೂ ಬೇಡ, ಹಳೆಯ ಗಾದೆಯೂ ಬೇಡ. ಜನರಿಗೆ ಲೆಕ್ಕ ಒಪ್ಪಿಸಬೇಕೆಂಬ ನಿಯಮ ಧರ್ಮಸಭೆಯ ಸಂಹಿತೆಯಲ್ಲಿ 1983ರಿಂದಲೂ ಇದೆ. ಅದನ್ನು ಕೇಳುವ ಹಕ್ಕು ಕಾಣಿಕೆ ಹಾಕುವ ಪ್ರತಿಯೊಬ್ಬರದು.